ಹಕ್ಕಿಗಳು ಮರೆತ ದೋಣಿ

ಇನ್ನೂ ಬೆಳಕು ಹರಿದಿಲ್ಲ. ಕೆರೆಯ ದಂಡೆಯಲ್ಲಿ ಊರವರು ‘ದೋಣಿ ಅಕ್ಕ’ ಎಂದು ಕರೆಯುವ ಹೆಂಗಸು ತಮ್ಮ ಯಜಮಾನರಿಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸಿ, ತಲೆಗೊಂದು ಟೋಪಿ ಇಟ್ಟು, ದೋಣಿಯಲ್ಲಿ ಕೂರಿಸುತ್ತಿದ್ದಾರೆ.

"ಟೂರಿಸ್ಟ್ ಥರ ಕೂತ್ಕೊಳ್ರೀ. ನಿದ್ದೆ ಮಾಡೋ ಟೂರಿಸ್ಟನ್ನ ಎಲ್ಲಾದ್ರೂ ನೋಡಿದೀರಾ?"

"ಬೇಕಾದಷ್ಟು ನೋಡಿದೀನಿ," ಎಂದು ಯಜಮಾನರು ಆಕಳಿಸುತ್ತಾರೆ.

ಪತ್ರಿಕೆಗೆ ಬರೆಯಲೆಂದು ಬಂದು ಅದೇ ದೋಣಿ ಹತ್ತಿದ್ದ ನನಗೆ ನಗು ಬಂತು, ಅಕ್ಕನಿಗೆ ಬರಲಿಲ್ಲ. ಕೆರೆಯ ನಡುಗಡ್ಡೆಯಲ್ಲಿ ಗೂಡು ಕಟ್ಟುವ ಕೊಕ್ಕರೆಗಳನ್ನು ಜನರಿಗೆ ತೋರಿಸುವುದೇ ಅವರ ಹೊಟ್ಟೆಪಾಡು. ಮೊದಲೆಲ್ಲ ದೋಣಿ ಹತ್ತಿರ ಹೋದರೂ ಹಕ್ಕಿಗಳು ಕ್ಯಾರೇ ಅನ್ನುತ್ತಿರಲಿಲ್ಲ. ಕೊರೊನಾ ಬಂತು, ಪ್ರವಾಸಿಗರು ನಿಂತರು, ದೋಣಿ ದಂಡೆಯಲ್ಲಿ ಬೋರಲು ಬಿತ್ತು. ಅಕ್ಕ ಕಂಡವರ ಮನೆಯ ಪಾತ್ರೆ ತಿಕ್ಕಿದರು, ಯಜಮಾನರು ತರಕಾರಿ ಗಾಡಿ ತಳ್ಳಿದರು. ಅಷ್ಟರಲ್ಲಿ ನಡುಗಡ್ಡೆಗೆ ಹೊಸ ಹಕ್ಕಿಗಳು ಬಂದು ಸೇರಿದವು, ಹಳೆಯವು ದೋಣಿಯನ್ನೇ ಮರೆತವು.

ಮತ್ತೆ ದೋಣಿ ಇಳಿಸಿದ ಮೊದಲ ದಿನ ಇಡೀ ಹಿಂಡು ಗಾಬರಿಯಿಂದ ಮೇಲೆದ್ದಿತು. ಬರಿದಾದ ಗೂಡುಗಳಿಗೆ ಕಾಗೆಗಳು ಎರಗಿದವು.

"ನನ್ನ ಕಣ್ಣೆದುರಿಗೇ ಮೊಟ್ಟೆ ಕಚ್ಕೊಂಡು ಹೋದ್ವು. ತಪ್ಪು ನಂದೇ ಅಲ್ವಾ?" ಎನ್ನುತ್ತಾರೆ ಅಕ್ಕ.

ಹಕ್ಕಿಗಳಿಗೆ ದೋಣಿಯನ್ನು ಮತ್ತೆ ರೂಢಿ ಮಾಡಿಸಲು ಅಂದಿನಿಂದ ದಿನವೂ ನಸುಕಿನಲ್ಲಿ ಈ ಅಭ್ಯಾಸ. ಅದೇ ದಾರಿ, ಅದೇ ಜಾಕೆಟ್, ನಿನ್ನೆಗಿಂತ ತುಸು ಹತ್ತಿರ. ಹುಟ್ಟು ಹಾಕುತ್ತಲೇ ಅಕ್ಕನ ಕಣ್ಣು ಹಕ್ಕಿಗಳ ಕತ್ತಿನ ಮೇಲೆ, ಗಾಳಿಯ ಮೇಲೆ, ಗಂಡನ ಮೂಗಿನ ಮೇಲೆ. ಮೊನ್ನೆ ಅವರು ಸೀನಿ ಎಲ್ಲ ಕೆಡಿಸಿದ್ದರಂತೆ!

ಇವತ್ತಿನ ಚಡಪಡಿಕೆಗೆ ಬೇರೆ ಕಾರಣವಿದೆ. ನಾಳೆಯೇ ಪ್ರವಾಸಿಗರು ಬರುತ್ತಾರೆ. ಹಕ್ಕಿಗಳ ತೀರಾ ಹತ್ತಿರ ಕರೆದೊಯ್ಯದಿದ್ದರೆ ಮೋಟರ್ ದೋಣಿಯವರನ್ನು ಕರೆಸುವುದಾಗಿ, ಪ್ರವಾಸಿಗರನ್ನು ಕಳಿಸುವ ವಸತಿಗೃಹದ ಮ್ಯಾನೇಜರ್ ಹೇಳಿದ್ದಾರೆ. ಮೋಟರ್ ಸದ್ದಿಗೆ ಹಿಂಡು ಕೆರೆಯನ್ನೇ ಬಿಟ್ಟುಹೋದರೆ? ಅಕ್ಕನಿಗೆ ರಾತ್ರಿಯಿಡೀ ನಿದ್ದೆಯಿಲ್ಲ.

ನಡುಗಡ್ಡೆ ಹತ್ತಿರವಾಗುತ್ತದೆ. ಒಂದು ಕೊಕ್ಕರೆ ಗೂಡಿನಿಂದ ಅರ್ಧ ಏಳುತ್ತದೆ. ಅಕ್ಕ ಹುಟ್ಟು ಎತ್ತಿಬಿಡುತ್ತಾರೆ. ನಾವು ಮೂವರೂ ಉಸಿರು ಬಿಗಿಹಿಡಿದಿದ್ದೇವೆ. ಕೊಕ್ಕರೆ ಅತ್ತಿತ್ತ ನೋಡಿ, ಮತ್ತೆ ಮೊಟ್ಟೆಗಳ ಮೇಲೆ ಕೂರುತ್ತದೆ.

"ಇನ್ನೊಂಚೂರು ಮುಂದೆ ಹೋಗೋಣ್ವೇನೇ?" ಯಜಮಾನರಿಗೆ ಹುರುಪು.

"ಬೇಡ. ನಾಳೆ ಜನ ಬಂದ್ರೂ ಇಲ್ಲಿಗೇ ನಿಲ್ಲಿಸ್ತೀನಿ. ಮ್ಯಾನೇಜರ್ ಬೈದ್ರೆ ಬೈಸ್ಕೋತೀನಿ. ಅವರು ಮೋಟರ್ ತಂದ್ರೆ ದೋಣಿ ಅಡ್ಡ ಹಾಕ್ತೀನಿ."

ದೋಣಿ ದಂಡೆಯತ್ತ ತಿರುಗುತ್ತದೆ. ನಾನು ಫೋಟೊಗೆಂದು ಮೊಬೈಲ್ ಎತ್ತಿದರೆ ಅಕ್ಕ ಕೈ ಅಡ್ಡ ಹಿಡಿಯುತ್ತಾರೆ.

"ಪೇಪರಲ್ಲಿ ಜನ ನನ್ನ ನೋಡೋದು ಹಾಗಿರ್ಲಿ ಬಿಡಿ. ಈ ಹಕ್ಕಿಗಳು ನನ್ನ ಕಡೆ ತಿರುಗಿ ನೋಡದೇ ಇದ್ರೆ, ಅಷ್ಟು ಸಾಕು."