ಹೊರಡುವ ಮುಂಚಿನ ಮೊಸರು

ಹೊಟ್ಟೆಗೆ ಏನೂ ಹಾಕದೆ ಕರೆದುಕೊಂಡು ಬನ್ನಿ ಎಂದು ಫೋನಿನಲ್ಲಿ ಒತ್ತಿ ಒತ್ತಿ ಹೇಳಿದ್ದೆ. ತ್ಯಾಗಲಿ ಕಡೆಯ ಆ ಹೆಂಗಸು ಬಾಡಿಗೆ ಜೀಪಿನಲ್ಲಿ ಶಿರಸಿಯ ನನ್ನ ಪಶು ಚಿಕಿತ್ಸಾಲಯಕ್ಕೆ ಬಂದು ನಾಯಿಯನ್ನು ಮೇಜಿನ ಮೇಲೆ ಮಲಗಿಸಿದ್ದೇ ತಡ, ಅದರ ಮೂತಿಗಂಟಿದ ಬಿಳಿ ಕಂಡು ನನ್ನ ಪಿತ್ತ ನೆತ್ತಿಗೇರಿತು. ಮೊಸರು. ಮನೆಯಿಂದ ಹೊರಟವರಿಗೆ ಶುಭವಾಗಲೆಂದು ಮೊಸರು ಕೊಡದೆ ಹೇಗೆ ಕಳಿಸುವುದು ಎಂದು ಅವರು ನನ್ನನ್ನೇ ಕೇಳಿದರು. ಚಮಚದಷ್ಟಾದರೆ ಸರಿ, ಬಟ್ಟಲು ತುಂಬ ಕೊಟ್ಟಿದ್ದರು. ಅದನ್ನು ಅವರು ಊಟದ ಲೆಕ್ಕಕ್ಕೇ ಹಿಡಿದಿರಲಿಲ್ಲ.

ನಾಯಿ ಬೆಳಗಿನಿಂದ ಹೆರಿಗೆ ನೋವು ತಿನ್ನುತ್ತಿತ್ತು. ಮೊದಲ ಮರಿ ಅಡ್ಡ ಸಿಕ್ಕಿಕೊಂಡಿತ್ತು. ಹೊಟ್ಟೆ ಕೊಯ್ದೇ ತೆಗೆಯಬೇಕು. ತುಂಬಿದ ಹೊಟ್ಟೆಯಲ್ಲಿ ಪೂರ್ತಿ ಪ್ರಜ್ಞೆ ತಪ್ಪಿಸಿದರೆ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯುವ ಭಯ. ಉಳಿದದ್ದು ಒಂದೇ ದಾರಿ: ಸೊಂಟದ ಹತ್ತಿರ ಬೆನ್ನುಮೂಳೆಗಳ ಸಂದಿಗೆ ಸೂಜಿ ಹಾಕಿ ಹಿಂಭಾಗವನ್ನಷ್ಟೇ ಮರಗಟ್ಟಿಸುವುದು. ಸಪೂರ ನಾಯಿಯಾದರೆ ಆ ಸಂದಿ ಬೆರಳಿಗೇ ಸಿಗುತ್ತದೆ. ಇದು ಅನ್ನ, ಮೊಸರು ತಿಂದು ಗುಂಡಗಾದದ್ದು. ಎಲ್ಲಿ ಒತ್ತಿದರೂ ಮೆತ್ತಗೆ.

ಮರಿ ನೋಡುವ ಸ್ಕ್ಯಾನಿಂಗ್ ಯಂತ್ರವನ್ನೇ ಬೆನ್ನಿಗೆ ಹಿಡಿದೆ. ತರಬೇತಿಯಲ್ಲಿ ಕಲಿತಿದ್ದೆ, ಒಬ್ಬಳೇ ಯಾವತ್ತೂ ಮಾಡಿರಲಿಲ್ಲ. ಕೂದಲು ಬೋಳಿಸಿ, ಜೆಲ್ ಹಚ್ಚಿದ ಮೇಲೆ ಪರದೆಯಲ್ಲಿ ಮೂಳೆಗಳು ಬೆಳ್ಳಗೆ ಕಂಡವು, ಅವುಗಳ ನಡುವೆ ಸಣ್ಣದೊಂದು ಕಿಂಡಿ. ಬೆನ್ನುಹುರಿ ಅದಕ್ಕೂ ಮುಂಚೆಯೇ ಮುಗಿದಿರುತ್ತದೆ ಎಂದು ಓದಿದ್ದೆ. ಆ ಹೊತ್ತಿನಲ್ಲಿ ಓದಿದ್ದರ ಮೇಲೆ ನಂಬಿಕೆಯೇ ಉಳಿದಿರಲಿಲ್ಲ. ಸೂಜಿ ತಪ್ಪಿದರೆ ಈ ನಾಯಿ ಹಿಂಗಾಲು ಎಳೆದುಕೊಂಡೇ ಬದುಕಬೇಕು ಎಂಬುದೊಂದೇ ತಲೆಯಲ್ಲಿ. ತಲೆ ಹಿಡಿದುಕೊಳ್ಳಿ ಎಂದು ಆ ಹೆಂಗಸಿಗೆ ಗದರಿಸಿದೆ. ಅವರು ಬಗ್ಗಿ ನಾಯಿಯ ಕಿವಿಯಲ್ಲಿ ಅದೇನೋ ಹೇಳುತ್ತಲೇ ಇದ್ದರು, ಅದು ಅಲುಗಲಿಲ್ಲ. ಸೂಜಿಯ ತುದಿ ಕಿಂಡಿಯೊಳಗೆ ಬಿಳಿ ಗೆರೆಯಾಗಿ ಕಂಡಿತು. ಔಷಧ ಬಿಟ್ಟೆ.

ಹಿಂಭಾಗ ಮರಗಟ್ಟಿದ ಮೇಲೆ ಹೊಟ್ಟೆ ಕೊಯ್ದೆ. ಅಡ್ಡ ಸಿಕ್ಕಿದ್ದ ಮರಿ ಉಳಿಯಲಿಲ್ಲ. ಇನ್ನು ಮೂರು ಕುಂಯ್‌ಗುಟ್ಟುತ್ತ ಬಂದವು. ಅವುಗಳನ್ನು ಒರೆಸುವಾಗಲೂ ನನ್ನ ಕಣ್ಣು ತಾಯಿಯ ಹಿಂಗಾಲುಗಳ ಮೇಲೇ ಇತ್ತು.

ಬಿಸಿಲು ಜಾರಿದರೂ ಕಾಲು ಅಲ್ಲಾಡಲಿಲ್ಲ. ಬೆರಳು ಚಿವುಟಿದೆ, ಎಳೆದುಕೊಳ್ಳಲಿಲ್ಲ. ಔಷಧ ಇನ್ನೂ ಇಳಿದಿಲ್ಲವೋ, ನನ್ನ ಸೂಜಿಯೇ ಎಡವಟ್ಟು ಮಾಡಿತೋ ತಿಳಿಯದೆ ಒಳಗೂ ಹೊರಗೂ ಓಡಾಡಿದೆ. ತರಿಸಿದ ಚಹಾ ಹಾಗೇ ಆರಿತು.

“ಇದು ಮುಂದೆ ಎದ್ದು ನಡೀತು ಅಲ್ದಾ, ಡಾಕ್ಟ್ರೆ?” ಎಂದು ಅವರು ಮೆಲ್ಲಗೆ ಕೇಳಿದರು.

“ಕಾಯ್ಬೇಕು,” ಎಂದೆ.

ಸ್ವಲ್ಪ ಹೊತ್ತಾದ ಮೇಲೆ ಅವರು ಚೀಲದಿಂದ ಸ್ಟೀಲ್ ಡಬ್ಬಿ ತೆಗೆದರು. ತಿರುಗಿ ಮನೆಗೆ ಹೊರಡುವಾಗ ಕೊಡಲೆಂದು ಮೊಸರು ತಂದಿದ್ದರಂತೆ. ಬಯ್ಯುವ ತ್ರಾಣ ನನಗಿರಲಿಲ್ಲ. ಮುಚ್ಚಳದ ಸದ್ದಿಗೆ ನಾಯಿ ಕಿವಿ ನಿಮಿರಿಸಿತು. ಮುಂಗಾಲೂರಿ ಎದ್ದಿತು. ಹಿಂಭಾಗ ಜೋಲಿ ಹೊಡೆದು ಕುಸಿಯಿತು. ನಾನು ಗೋಡೆಗೆ ಒರಗಿದೆ. ಮತ್ತೆ ಎದ್ದಿತು, ಈ ಸಲ ನಾಲ್ಕೂ ಕಾಲಿನ ಮೇಲೆ, ನಡುಗುತ್ತ. ಎರಡು ಹೆಜ್ಜೆ ಹಾಕಿ ಡಬ್ಬಿಗೆ ಮೂತಿಯಿಟ್ಟಿತು.

ಸ್ವಲ್ಪವೇ ಕೊಡಿ ಎನ್ನಬೇಕಿತ್ತು. ಬದಲಿಗೆ ಬಗ್ಗಿ ಅದರ ಹಿಂಗಾಲುಗಳನ್ನು ಸವರಿದೆ. ಅವರು ಡಬ್ಬಿಯನ್ನು ಪೂರ್ತಿ ಅದರ ಮುಂದೆ ಇಟ್ಟರು.