ಕೊಪ್ಪರಿಗೆಯಲ್ಲಿ ಎದ್ದ ಮಡ್ಡಿ

ನಾನು ಚಿಕ್ಕವನಿದ್ದಾಗ, ಮದ್ದೂರಿನ ಹತ್ತಿರದ ನಮ್ಮೂರಲ್ಲಿ ಕಬ್ಬು ಕಡಿಯುವ ಕಾಲ ಬಂತೆಂದರೆ ಮನೆಮಂದಿಯೆಲ್ಲ ಹಗಲಿಡೀ ಆಲೆಮನೆಯಲ್ಲೇ. ಕಬ್ಬು ಅರೆದು ಬೆಲ್ಲ ಮಾಡುವ ಜಾಗ ಅದು. ಅಪ್ಪ ಗಾಣಕ್ಕೆ ಕಬ್ಬು ಕೊಡುತ್ತಿದ್ದರು, ಅವ್ವ ಒಲೆಗೆ ಒಣಸಿಪ್ಪೆ ತಳ್ಳುತ್ತಿದ್ದಳು, ತಾತ ದೊಡ್ಡ ಕೊಪ್ಪರಿಗೆಯ ಮುಂದೆ ಉದ್ದನೆಯ ಸೌಟು ಹಿಡಿದು ನಿಂತಿರುತ್ತಿದ್ದರು. ಗಾಣ ತಿರುಗಿಸುವ ಮರದ ಮೇಲೆ ಕೂತು ಎತ್ತು ಹೊಡೆಯುವ ಕೆಲಸ ಮಾತ್ರ ಮಕ್ಕಳದು. ನನ್ನ ಜೀವವೆಲ್ಲ ಆ ಮರದ ಮೇಲೆಯೇ ಇತ್ತು.

ಒಂದು ದಿನ ಅಕ್ಕ ಆ ಮರದಿಂದ ಇಳಿಯಲೇ ಇಲ್ಲ.

"ನೀ ಕುಂತ್ರೆ ಎತ್ತು ನಿಂತ್ಕಬುಡ್ತವೆ ಕಣ್ಲಾ. ಓಗು, ನೊಣ ಓಡ್ಸೋಗು."

ಸಿಟ್ಟಿನಿಂದ ಕೊಪ್ಪರಿಗೆಯ ಹತ್ತಿರ ಹೋಗಿ ನಿಂತೆ. ಕಬ್ಬಿನ ಹಾಲು ಕೊತಕೊತ ಕುದಿಯುತ್ತಿತ್ತು. 'ಈ ಬೆಲ್ಲ ಹಾಳಾಗಿಹೋಗಲಿ' ಎಂದು ಮನಸ್ಸಿನಲ್ಲಿ ಬಂತು. ಯಾರಿಗೂ ಕೇಳಿಸಲಿಲ್ಲ. ಆದರೆ ಮಧ್ಯಾಹ್ನ ಅಚ್ಚಿಗೆ ಸುರಿದ ಬೆಲ್ಲ ಗಟ್ಟಿಯಾಗಲಿಲ್ಲ. ಅಪ್ಪನ ಬೆರಳಿಗೆ ಅಂಟಂಟಾಗಿ ಮೆತ್ತಿಕೊಂಡಿತು.

"ಯಾರ ಕೆಟ್ಟ ಕಣ್ಣು ಬಿತ್ತೋ" ಎಂದಳು ಅವ್ವ.

ಅಲ್ಲಿಂದ ನನಗೆ ಕೂತರೆ ನಿಂತರೆ ಸಮಾಧಾನವಿಲ್ಲ. ನಾಲೆಯವರೆಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ನಾಯಿ ಬೊಗಳಿದರೆ ನನ್ನನ್ನೇ ನೋಡಿ ಬೊಗಳಿತು ಅನಿಸಿತು. ಬೆಲ್ಲ ಕೆಡಿಸಿದವನು ನಾನು. ನನ್ನದೇ ಕೆಟ್ಟ ಕಣ್ಣು. ನಾಳೆ ಅಕ್ಕನಿಗೆ ಜ್ವರ ಬಂದರೂ ಅದು ನನ್ನಿಂದಲೇ. ಒಂದು ಯೋಚನೆಯ ಬಾಲ ಹಿಡಿದು ಇನ್ನೊಂದು ಬಂತು. ಹೊತ್ತು ಮುಳುಗುವಷ್ಟರಲ್ಲಿ ನನ್ನ ಅಂಗಿಯೊಳಗೆ ಬೇರೆ ಯಾರೋ ಒಬ್ಬ ಹುಡುಗ ಬಂದು ಸೇರಿಕೊಂಡಂತಿತ್ತು.

ಮರುದಿನ ಹೊಸ ಕಬ್ಬು ಅರೆದರು. ನಾನು ದೂರ ಬೇಲಿಯ ಹತ್ತಿರವೇ ಉಳಿದೆ.

"ಯಾಕ್ಲಾ ಮಗ, ಅಲ್ಲಿ ನಿಂತಿದ್ದೀಯ?" ಎಂದರು ತಾತ.

ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ತಾತ ನಗಲಿಲ್ಲ.

"ಬಾ ಇಲ್ಲಿ. ಕೊಪ್ಪರಿಗೇನೇ ನೋಡ್ಕಂಡು ನಿಂತ್ಕೊ."

"ಬ್ಯಾಡ ತಾತ, ಇದೂ ಕೆಟ್ಟೋಯ್ತದೆ."

"ಕೆಟ್ರೆ ಕೆಡ್ಲಿ ಬುಡು. ತಲೇಲಿ ಏನೇನ್ ಬತ್ತದೆ ಅಂತ ನೋಡ್ತಾ ಇರು. ಇಡ್ಕಬ್ಯಾಡ, ಅಟ್ಟಬ್ಯಾಡ."

ಹೋಗಿ ನಿಂತೆ. 'ಹಾಳಾಗಲಿ' ಎಂಬುದು ಮತ್ತೆ ಬಂತು. ನಾನು ಅದನ್ನು ಕರೆದಿರಲಿಲ್ಲ. ಅದರ ಹಿಂದೆಯೇ 'ನಾನು ಕೆಟ್ಟವನು' ಎಂಬುದೂ ಬಂತು. ಆಮೇಲೆ ಹಸಿವು, ಕಾಲಿಗೆ ಕಚ್ಚಿದ ಇರುವೆ, ಅಕ್ಕನ ಹಾಡು. ಕೊಪ್ಪರಿಗೆಯಲ್ಲಿ ಹಾಲಿನ ಕೊಳೆ, ಆ ಕಪ್ಪು ಮಡ್ಡಿ, ನೊರೆನೊರೆಯಾಗಿ ಮೇಲೇಳುತ್ತಿತ್ತು. ತಾತ ಸೌಟಿನಲ್ಲಿ ಅದನ್ನು ತೆಗೆದು ಪಕ್ಕಕ್ಕೆ ಚೆಲ್ಲುತ್ತಿದ್ದರು.

"ಒಳ್ಳೆ ಕಬ್ಬಲ್ಲೂ ಮಡ್ಡಿ ಏಳ್ತದೆ ಕಣ್ಲಾ. ಮಡ್ಡೀನೇ ಬೆಲ್ಲ ಅಂದ್ಕಬ್ಯಾಡ."

'ನಾನು ಕೆಟ್ಟವನು' ಎಂಬುದು ಇನ್ನೊಂದು ಸಲ ಎದ್ದಾಗ ಅದನ್ನೂ ನೋಡಿದೆ. ಅದೂ ಒಂದು ಗುಳ್ಳೆ. ಅದು ಒಡೆದುಹೋದ ಮೇಲೂ ನಾನು ಅಲ್ಲೇ ಇದ್ದೆ, ಬೆವರುತ್ತಾ.

ಮಧ್ಯಾಹ್ನ ಅಪ್ಪ ಅಚ್ಚು ಮಗುಚಿ ತಟ್ಟಿದರು. ಹೊಂಬಣ್ಣದ ಬೆಲ್ಲ ಠಣ್ಣನೆ ಬಿತ್ತು. ಹಿಂದಿನ ದಿನ ಅರೆದದ್ದು ಕಡಿದು ಬಹಳ ದಿನ ಇಟ್ಟಿದ್ದ ಕಬ್ಬು, ಬಿಸಿಲಿಗೆ ಕೆಟ್ಟಿತ್ತಂತೆ. ಅವತ್ತು ಸಂಜೆ ಅಕ್ಕ ತಾನಾಗಿಯೇ ಇಳಿದು ಮರದ ಮೇಲೆ ನನ್ನನ್ನು ಕೂರಿಸಿದಳು. ಎತ್ತುಗಳು ನಿಂತೇಬಿಟ್ಟವು.

ನಿಮ್ಮ ಕಾಲದಲ್ಲಿ ಬೆಲ್ಲ ಕವರಿನಲ್ಲಿ ಬರುತ್ತದೆ ಮಕ್ಕಳೇ, ಗಾಣವಿಲ್ಲ, ಎತ್ತಿಲ್ಲ. ಹೋದ ವಾರ ನನ್ನ ಮೊಮ್ಮಗಳು ಶಾಲೆಯಿಂದ ಅಳುತ್ತಾ ಬಂದಳು. ಓಟದಲ್ಲಿ ಗೆಳತಿ ಬೀಳಲಿ ಅಂದುಕೊಂಡಳಂತೆ, ಗೆಳತಿ ಬಿದ್ದೇಬಿಟ್ಟಳಂತೆ. "ನಾನು ತುಂಬಾ ಕೆಟ್ಟವಳು ತಾತ" ಅಂದಳು.

ನಾನು ಪಾತ್ರೆಗೆ ನೀರು ಹಾಕಿ, ಎರಡು ಹೆಂಟೆ ಬೆಲ್ಲ ಬಿಟ್ಟು ಒಲೆಯ ಮೇಲಿಟ್ಟೆ. ಪಾಕದ ಮೇಲೆ ಮಡ್ಡಿ ಏಳತೊಡಗಿದಾಗ ಅವಳ ಕೈಗೆ ಸೌಟು ಕೊಟ್ಟೆ.