ಹೊರಗೆ ನಿಂತು ನೋಡಿದವರು

ಆಸ್ಪತ್ರೆಯ ಗಣಕ ವಿಭಾಗವೆಂದರೆ ಕೆಟ್ಟಾಗ ಮಾತ್ರ ನೆನಪಾಗುವ ಕೋಣೆ. ಅಂಥ ಕೋಣೆಯಲ್ಲಿ ಮೂವತ್ತೊಂದು ವರ್ಷ ದುಡಿದು, ರೋಗಿಗಳ ನೋಂದಣಿಯನ್ನು ಹರಿದ ರಟ್ಟಿನ ಚೀಟಿಗಳಿಂದ ಇಂದಿನ ವ್ಯವಸ್ಥೆಗೆ ತಂದು ನಿಲ್ಲಿಸಿದ ಹಿರಿಯರು ಈಗ ನಿವೃತ್ತರಾಗುತ್ತಿದ್ದಾರೆ. ಅವರಿಗಿಂತ ವಯಸ್ಸಿನಲ್ಲಿ ದೊಡ್ಡವರಾದ ವೈದ್ಯರೂ ಅವರನ್ನು ಕರೆಯುತ್ತಿದ್ದುದು ದೊಡ್ಡಕ್ಕ ಎಂದೇ. "ದೊಡ್ಡಕ್ಕ, ನಮ್ಮ ಕಂಪ್ಯೂಟರು ಮುನಿಸಿಕೊಂಡಿದೆ" ಎಂದು ಶಸ್ತ್ರವೈದ್ಯರೊಬ್ಬರು ವಾರಕ್ಕೊಮ್ಮೆಯಾದರೂ ಬರುತ್ತಿದ್ದರು. ದೊಡ್ಡಕ್ಕ ಹೋಗಿ ಸಡಿಲಗೊಂಡ ತಂತಿಯನ್ನು ಸಿಕ್ಕಿಸಿ, ಅದನ್ನು ಯಾರಿಗೂ ಹೇಳದೆ ಹಿಂದಿರುಗುತ್ತಿದ್ದರು.

ಅವರ ಸೇವೆಯ ಇಪ್ಪತ್ತಾರನೆಯ ವರ್ಷದಲ್ಲಿ ಅಂಟುರೋಗ ಹರಡಿ, ವಾರ್ಡುಗಳಿಗೆ ಬಂಧುಗಳ ಪ್ರವೇಶ ನಿಂತಿತು. ಮನೆಯವರು ತಮ್ಮ ಫೋನಿನಲ್ಲೇ ರೋಗಿಯ ಮುಖ ನೋಡಿ ಮಾತನಾಡುವಂಥ ಜಾಲಪುಟವೊಂದನ್ನು ವಿಭಾಗ ಸಿದ್ಧಪಡಿಸಿತು. ಕಿರಿಯ ಎಂಜಿನಿಯರೊಬ್ಬಳು ಅದನ್ನು, ಬೇಕಾದ ಸರಂಜಾಮಿನ ಸಮೇತ, ಕಂಟೇನರ್ ಎಂಬ ಮುಚ್ಚಿದ ಪೆಟ್ಟಿಗೆಯಂಥ ವ್ಯವಸ್ಥೆಯೊಳಗೆ ಇಟ್ಟಳು. ದೊಡ್ಡಕ್ಕ ಒಪ್ಪಿಗೆಯ ಸಹಿ ಹಾಕಿದರು.

ಮೊದಲ ದಿನ ಬೆಳಿಗ್ಗೆ ಹತ್ತಕ್ಕೆ ಫೋನುಗಳು ಬಡಿದುಕೊಳ್ಳತೊಡಗಿದವು. ಪುಟ ತೆರೆಯುತ್ತಿಲ್ಲ.

"ಅಕ್ಕಾ, ಒಳಗಡೆ ಚೆನ್ನಾಗೇ ಓಡ್ತಾ ಇದೆ. ಕಂಟೇನರ್ ಒಳಗಿಂದ ಕೇಳಿದ್ರೆ ಉತ್ತರ ಕೊಡ್ತಿದೆ. ಹೊರಗಿನ ಫೈರ್‌ವಾಲೇ ತಡೀತಿರಬೇಕು" ಎಂದಳು ಕಿರಿಯಳು. ಆಸ್ಪತ್ರೆಯ ಹೊರಗಿನಿಂದ ಬರುವ ಕರೆಗಳನ್ನು ಸೋಸುವ ಆ ಕಾವಲುಗೋಡೆಯನ್ನು ತಡಕಾಡುವುದರಲ್ಲೇ ಒಂದು ಗಂಟೆ ಕಳೆಯಿತು.

ಕೊನೆಗೆ ದೊಡ್ಡಕ್ಕ ಎಲ್ಲರನ್ನೂ ಸುಮ್ಮನಿರಿಸಿ, ಹೊರಗಿನಿಂದ ಒಳಕ್ಕೆ ಒಂದೊಂದೇ ಹೆಜ್ಜೆ ನಡೆದು ನೋಡಿದರು. ಫೈರ್‌ವಾಲಿನ ಒಳಗೇ ಇದ್ದ ಪಕ್ಕದ ಕೋಣೆಯ ಯಂತ್ರದಿಂದಲೂ ಪುಟ ತೆರೆಯಲಿಲ್ಲ. ಅಂದಮೇಲೆ ತಪ್ಪು ಹೊರಗಿನ ತಡೆಯದಲ್ಲ. ಸರ್ವರಿನ ಮೇಲೆಯೇ ಕುಳಿತು ಕೇಳಿದರೆ ಸಂಪರ್ಕ ಸಿಕ್ಕಿ ಒಡನೆಯೇ ಕಡಿದುಹೋಗುತ್ತಿತ್ತು. ಕರೆ ಪೆಟ್ಟಿಗೆಯವರೆಗೂ ತಲುಪುತ್ತಿದೆ, ಒಳಗೆ ಓಗೊಡುವವರಿಲ್ಲ. ಸೇವೆಯು ತನ್ನ ಪೆಟ್ಟಿಗೆಯೊಳಗಿನ ದನಿಗೆ ಮಾತ್ರ ಕಿವಿಗೊಡುವಂತೆ ಒಂದು ಸಾಲಿನಲ್ಲಿ ಬರೆಯಲಾಗಿತ್ತು. ಎಲ್ಲ ಕಡೆಯ ಕರೆಗೂ ಕಿವಿಗೊಡುವಂತೆ ಆ ಸಾಲನ್ನು ತಿದ್ದಿ, ಸೇವೆಯನ್ನು ಮತ್ತೆ ಆರಂಭಿಸಿದಾಗ ಹನ್ನೊಂದೂ ಐವತ್ತು. ಪುಟ ತೆರೆಯಿತು.

ಅದಕ್ಕೆ ಇಪ್ಪತ್ತು ನಿಮಿಷ ಮೊದಲು, ಹನ್ನೊಂದೂವರೆಗೆ, ಮೂರನೆಯ ವಾರ್ಡಿನ ವೃದ್ಧರೊಬ್ಬರು ತೀರಿಕೊಂಡಿದ್ದರು. ಅವರ ಮುಂದೆ ಖಾಲಿ ಪರದೆ ಹಿಡಿದು ದಾದಿ ಒಂದೂವರೆ ಗಂಟೆ ನಿಂತಿದ್ದಳು.

ಅವರ ಮಗಳು, ಬಟ್ಟೆ ಹೊಲಿದು ಬದುಕುವವಳು, ಹತ್ತರಿಂದಲೂ ಮನೆಯಲ್ಲಿ ಫೋನು ಹಿಡಿದೇ ಕುಳಿತಿದ್ದಳು. ಸಾವಿನ ಸುದ್ದಿಯನ್ನು ವೈದ್ಯರು ತಿಳಿಸಿದ ಮೇಲೆ ದೊಡ್ಡಕ್ಕ ತಾವೇ ಅವಳಿಗೆ ಕರೆ ಮಾಡಿದರು.

"ತಪ್ಪು ನಮ್ಮದಮ್ಮ. ನಿಮ್ಮ ಫೋನಿನದಲ್ಲ."

"ನನಗೇ ಒತ್ತೋಕೆ ಬರ್ತಿಲ್ಲ ಅಂದ್ಕೊಂಡೆ" ಎಂದಳು ಮಗಳು. ಆಮೇಲೆ, "ಅಪ್ಪ ನನ್ನ ಕೇಳಿದ್ರಾ?"

ಸುಳ್ಳು ಹೇಳಬಹುದಿತ್ತು. ದಾದಿಯಿಂದ ಎಲ್ಲವನ್ನೂ ಕೇಳಿ ತಿಳಿದಿದ್ದ ದೊಡ್ಡಕ್ಕ, "ಕೇಳಿದ್ರು. ಎರಡು ಸಲ" ಎಂದರು. ಆ ಕಡೆಯ ಅಳು ನಿಲ್ಲುವವರೆಗೂ ಫೋನು ಇಡಲಿಲ್ಲ.

ತಪ್ಪಿನ ವರದಿಯಲ್ಲಿ ಅವರು ಬರೆದದ್ದು ತಮ್ಮ ಹೆಸರನ್ನು ಮಾತ್ರ. "ಆ ಸಾಲು ಬರೆದವಳು ನಾನು, ಅಕ್ಕಾ" ಎಂದು ಕಿರಿಯಳು ಅತ್ತರೆ, "ನೀನು ಬರೆದೆ. ಹೊರಗೆ ಹೋಗಿ ಒಂದ್ಸಲ ತೆರೆದು ನೋಡದೆ ಸಹಿ ಹಾಕಿದವಳು ನಾನು. ಹೋಗಿ ಮುಖ ತೊಳ್ಕೊಂಡು ಬಾ, ಕೆಲಸ ಇದೆ" ಎಂದರು. ಮರುವರ್ಷ ಬರಬೇಕಿದ್ದ ಮುಖ್ಯಸ್ಥರ ಹುದ್ದೆ ಬರಲಿಲ್ಲ. ಅದರ ಮಾತನ್ನು ಅವರು ಯಾರ ಮುಂದೆಯೂ ಎತ್ತಲಿಲ್ಲ. ಅಲ್ಲಿಂದಾಚೆಗೆ ಯಾವ ಹೊಸ ಸೇವೆಯೇ ಆಗಲಿ, ಅದಕ್ಕೆ ಸಹಿ ಬೀಳುತ್ತಿದ್ದುದು ಅವರು ಸುಡುಬಿಸಿಲಲ್ಲೂ ರಸ್ತೆಯಾಚೆ ನಿಂತು, ಸ್ವಂತ ಫೋನಿನಲ್ಲಿ ಪುಟ ತೆರೆದು ನೋಡಿದ ಮೇಲೆಯೇ.

ವರ್ಷಕ್ಕೊಮ್ಮೆ, ಅದೇ ತಾರೀಕಿನಂದು, ಅವರು ಆ ಮಗಳಿಗೆ ಕರೆ ಮಾಡಿ ಕ್ಷೇಮ ವಿಚಾರಿಸುತ್ತಿದ್ದರು. ಈ ಸಲ ನಿವೃತ್ತಿಯ ಸುದ್ದಿಯನ್ನೂ ಹೇಳಿದರಂತೆ.

"ನೀವು ಒಳ್ಳೆಯವರೇ ಅಕ್ಕಾ" ಎಂದಳಂತೆ ಅವಳು. "ಆದ್ರೆ ನಿಮ್ಮ ದನಿ ಕೇಳಿದ್ರೆ ಆ ಬೆಳಿಗ್ಗೆನೇ ಕಣ್ಮುಂದೆ ಬರುತ್ತೆ. ಇನ್ನು ಫೋನು ಮಾಡಬೇಡಿ."

"ಆಗಲಮ್ಮ" ಎಂದು ದೊಡ್ಡಕ್ಕ ಫೋನು ಇಟ್ಟರು. ಆ ದಿನ ಅವರು ಊಟಕ್ಕೆ ಏಳಲಿಲ್ಲ. ಮುಂದಿದ್ದ ಕೆಲಸವನ್ನೂ ಬಿಡಲಿಲ್ಲ.

ಅವರ ಆರೋಗ್ಯ ಗಟ್ಟಿಯಾಗಿರಲಿ, ಆಯುಸ್ಸು ನೂರು ತುಂಬಲಿ, ಕಿರಿಯರಿಗೆ ಕಲಿಸುವ ಅವರ ಕೆಲಸ ಮನೆಯಿಂದಲೂ ಮುಂದುವರಿಯಲಿ ಎಂದು ವಿಭಾಗದ ನಾವೆಲ್ಲ ಹಾರೈಸುತ್ತೇವೆ. ಆ ಇಪ್ಪತ್ತು ನಿಮಿಷಗಳನ್ನು ಎಣಿಸದೆ ಕಳೆಯುವ ಬೆಳಗು ಅವರಿಗೆ ಒಂದಾದರೂ ದೊರೆಯಲಿ.